ಕ್ಷೀರಧಾರೆ, ವಿಮೆ, ಅನುಗ್ರಹ: ಹೈನುಗಾರರ ಕೈಗೆ ದುಡ್ಡು ನಿಜವಾಗಿ ಬರುವುದು ಯಾವುದರಿಂದ?

ಕರ್ನಾಟಕದಲ್ಲಿ ದನ, ಎಮ್ಮೆ, ಕುರಿ ಸಾಕುವವರಿಗೆ ಸರ್ಕಾರ ಕೊಡುವ ದುಡ್ಡಿಗೆ ಹೆಸರುಗಳು ಹತ್ತಾರು. ಬಜೆಟ್ ದಿನ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತವೆ. ಯೋಜನೆಯನ್ನು ತೂಗಬೇಕಾದದ್ದು ದುಡ್ಡು ದಾರಿಯಲ್ಲಿ ಎಲ್ಲಿ ನಿಂತುಹೋಗುತ್ತದೆ, ನಿಂತರೆ ಯಾರ ಬಾಗಿಲು ತಟ್ಟಬೇಕು ಅನ್ನುವ ಲೆಕ್ಕದಲ್ಲಿ. ಹಾಗೆ ನೋಡಿದರೆ ಇವುಗಳಲ್ಲಿ ಒಂದೆರಡು ಗಟ್ಟಿ, ಒಂದೆರಡು ಅರೆಬರೆ, ಒಂದಂತೂ ಮೊದಲೇ ಕೈಯಲ್ಲಿ ಕಾಸಿದ್ದವರಿಗೆ ಮಾತ್ರ.

ಮೊದಲು ಕ್ಷೀರಧಾರೆ. ಸಹಕಾರ ಸಂಘದ ಡೇರಿಗೆ ಹಾಕುವ ಹಾಲಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ. 2008ರಲ್ಲಿ 2 ರೂಪಾಯಿಯಿಂದ ಶುರುವಾದದ್ದು 2013ರಲ್ಲಿ 4 ಆಯಿತು, 2016ರಲ್ಲಿ 5ಕ್ಕೆ ಏರಿತು. ಖಾಸಗಿ ಡೇರಿಗೆ ಹಾಕಿದರೆ ಇದಿಲ್ಲ. ಖಾಸಗಿಯವರು ಲೀಟರಿಗೆ ಒಂದೆರಡು ರೂಪಾಯಿ ಹೆಚ್ಚು ಕೊಡುತ್ತೇವೆ ಅಂದಾಗ ಈ 5 ರೂಪಾಯಿಯನ್ನು ಕಳೆದು ನೋಡಿ. ಹಾಲಿನ ಬೆಲೆ ಸಂಘಗಳ ಮೇಲಿನ ಹಾಲು ಒಕ್ಕೂಟದಿಂದ ಸಂಘದ ಬಟವಾಡೆಯಲ್ಲಿ ಬರುತ್ತದೆ. ಪ್ರೋತ್ಸಾಹಧನ ಬರುವುದು ಸರ್ಕಾರದ ಖಜಾನೆಯಿಂದ, ನೇರವಾಗಿ ಬ್ಯಾಂಕ್ ಖಾತೆಗೆ. ಎರಡನ್ನೂ ಒಂದೇ ಅಂದುಕೊಂಡು ಸಂಘದ ಕಾರ್ಯದರ್ಶಿಯ ಜತೆ ಜಗಳಕ್ಕೆ ನಿಲ್ಲುವವರು ಬಹಳ. ದುಡ್ಡು ಹಾಕುವುದು ಅವರ ಕೈಯಲ್ಲಿಲ್ಲ, ಅವರ ಕೆಲಸ ಲೀಟರ್ ಲೆಕ್ಕವನ್ನು ಸರಿಯಾಗಿ ಏರಿಸುವುದು ಅಷ್ಟೇ.

ಲೆಕ್ಕದಲ್ಲೂ ಒಂದು ಸಣ್ಣ ಗಂಟಿದೆ. ತಕ್ಕಡಿ ತೂಗುವುದು ಕೆ.ಜಿ.ಯಲ್ಲಿ, ಪ್ರೋತ್ಸಾಹಧನ ಲೀಟರಿಗೆ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ತಿಂಗಳಿಗೆ 300 ಕೆ.ಜಿ. ಹಾಕಿದರೆ ಅದು 291 ಲೀಟರ್, ಬರಬೇಕಾದದ್ದು 1,455 ರೂಪಾಯಿ. 1,500 ಬರಲಿಲ್ಲವೆಂದು ಗದ್ದಲ ಮಾಡುವ ಮೊದಲು ಚೀಟಿಯಲ್ಲಿರುವುದು ಕೆ.ಜಿ.ಯೋ ಲೀಟರೋ ನೋಡಿಕೊಳ್ಳಿ.

ಇದರ ದೊಡ್ಡ ದೋಷ ಒಂದೇ: ಹೊತ್ತಿಗೆ ಬರುವುದಿಲ್ಲ. ಅನುದಾನ ಕಂತುಗಳಲ್ಲಿ ಬಿಡುಗಡೆಯಾಗುವುದರಿಂದ ತಿಂಗಳುಗಟ್ಟಲೆ ಬಾಕಿ ಬೀಳುತ್ತದೆ. ಹಿಂಡಿ, ಬೂಸಾ ಮಾತ್ರ ಬಾಕಿಗೆ ಸಿಗುವುದಿಲ್ಲ. ಬಂದಾಗಲೂ ಪಾಸ್‌ಬುಕ್ಕಿನಲ್ಲಿ ಯಾವ ತಿಂಗಳದ್ದೆಂದು ಬಿಡಿಸಿ ಕಾಣುವುದಿಲ್ಲ, ಹಾಗಾಗಿ ದುಡ್ಡು ಕೈಸೇರುವವರೆಗೆ ಹಾಲಿನ ಚೀಟಿಗಳನ್ನು ಎಸೆಯಬೇಡಿ. ಊರಿನಲ್ಲಿ ಯಾರಿಗೂ ಬಂದಿಲ್ಲವೆಂದರೆ ಖಜಾನೆಯ ತಡ, ಬ್ಯಾಂಕಿಗೆ ಅಲೆದರೆ ಚಪ್ಪಲಿ ಸವೆಯುತ್ತದೆ ಅಷ್ಟೇ. ಪಕ್ಕದ ಮನೆಗೆ ಬಂದು ನಿಮಗೆ ಬಂದಿಲ್ಲವೆಂದರೆ ತೊಡಕು ನಿಮ್ಮ ದಾಖಲೆಯಲ್ಲಿದೆ.

ಆ ತೊಡಕು ಮುಕ್ಕಾಲು ಪಾಲು ಆಧಾರ್‌ನಲ್ಲಿರುತ್ತದೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಸಬ್ಸಿಡಿ ಬರುವುದಿಲ್ಲ. ಅದು ಕೆವೈಸಿ, ಅಂದರೆ ಗ್ರಾಹಕರ ಗುರುತಿನ ದಾಖಲೆ ಅಷ್ಟೇ. ನೇರ ವರ್ಗಾವಣೆಗೆ (ಡಿಬಿಟಿ) ಬೇಕಾದದ್ದು ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಸಂಸ್ಥೆಯ ಮ್ಯಾಪಿಂಗ್, ಅಂದರೆ ಈ ಆಧಾರ್ ಸಂಖ್ಯೆಗೆ ಬರುವ ದುಡ್ಡು ಇಂಥ ಬ್ಯಾಂಕಿಗೆ ಹೋಗಲಿ ಅನ್ನುವ ನಮೂದು. ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಗೆ ಸೀಡ್ ಆದದ್ದೇ, ಅಂದರೆ ಹೀಗೆ ನಮೂದಾದದ್ದೇ ಚಾಲ್ತಿ. ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುವಾಗ ಅಲ್ಲಿನ ಒಪ್ಪಿಗೆ ಪತ್ರಕ್ಕೆ ಓದದೆ ರುಜು ಹಾಕಿದರೆ ಹಾಲಿನ ದುಡ್ಡು ಅತ್ತ ತಿರುಗುತ್ತದೆ. ಎಷ್ಟೋ ಸಲ 'ಬಂದಿಲ್ಲ' ಅನ್ನುವ ದುಡ್ಡು ಮರೆತುಹೋದ ಖಾತೆಯಲ್ಲಿ ತಣ್ಣಗೆ ಕೂತಿರುತ್ತದೆ. ಮೈ ಆಧಾರ್ ಪೋರ್ಟಲ್‌ನಲ್ಲಿ ಮೊಬೈಲ್ ಒಟಿಪಿ ಹಾಕಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿದರೆ ಯಾವ ಬ್ಯಾಂಕ್, ಚಾಲ್ತಿಯಲ್ಲಿದೆಯೋ ಇಲ್ಲವೋ ತಿಳಿಯುತ್ತದೆ. ಬೇಕಾದ ಬ್ಯಾಂಕ್ ಅಲ್ಲದಿದ್ದರೆ ಆ ಶಾಖೆಯಲ್ಲಿ 'ಡಿಬಿಟಿಗೆ ಆಧಾರ್ ಸೀಡಿಂಗ್' ಎಂದೇ ಕೇಳಿ ಅರ್ಜಿ ಕೊಡಿ. ಬರೀ 'ಆಧಾರ್ ಲಿಂಕ್ ಮಾಡಿ' ಅಂದರೆ ಕೌಂಟರಿನಲ್ಲಿ 'ಆಗಿದೆ' ಅಂದು ಕಳಿಸುತ್ತಾರೆ.

ಇನ್ನುಳಿದ ತೊಡಕು ಹೆಸರಿನದು. ಡೇರಿ ಕಾರ್ಡು ಅಪ್ಪನ ಹೆಸರಿನಲ್ಲಿ, ಹಾಲು ಹಾಕುವುದು ಸೊಸೆ, ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಗನ ಹೆಸರಿನಲ್ಲಿ. ಮೂರೂ ಒಬ್ಬರದೇ ಆಗಿರಬೇಕು, ಆಧಾರ್‌ನಲ್ಲಿರುವ ಹೆಸರೇ ಎಲ್ಲ ಕಡೆಯೂ ಇರಬೇಕು. ಎಫ್‌ಐಡಿ ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿಕೊಳ್ಳಬಹುದು. ಒಟ್ಟಿನಲ್ಲಿ ಕ್ಷೀರಧಾರೆಗೆ ಐದಕ್ಕೆ ನಾಲ್ಕು ಕೊಡಬಹುದು. ಅರ್ಜಿ ಬೇಡ, ಶಿಫಾರಸು ಬೇಡ, ಹಾಲು ಹಾಕಿದರೆ ಸಾಕು. ಹೋದ ಒಂದು ಅಂಕ ತಡಕ್ಕೆ.

ಜಾನುವಾರು ವಿಮೆಯನ್ನು ಬಹಳ ಜನ ಕಡೆಗಣಿಸುತ್ತಾರೆ. ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಅತಿ ಲಾಭದ್ದು ಇದೇ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರ ಫೆಬ್ರುವರಿಯಲ್ಲಿ ಆದ ಬದಲಾವಣೆಯಂತೆ ರೈತರು ಕಟ್ಟಬೇಕಾದದ್ದು ಪ್ರೀಮಿಯಂನ ನೂರರಲ್ಲಿ 15 ಪಾಲು ಮಾತ್ರ. ಉಳಿದ 85 ಪಾಲನ್ನು ಕೇಂದ್ರ, ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಪ್ರೀಮಿಯಂ 2,000 ಎಂದಿಟ್ಟುಕೊಂಡರೆ ನಿಮ್ಮ ಕೈಯಿಂದ 300. ಒಬ್ಬರಿಗೆ 10 ಜಾನುವಾರು ಘಟಕದವರೆಗೆ ಅವಕಾಶವಿದೆ, ಹತ್ತು ಕುರಿ ಅಥವಾ ಮೇಕೆ ಸೇರಿದರೆ ಒಂದು ಘಟಕ.

ಎಡವುವುದು ಬೆಲೆ ಕಟ್ಟುವಾಗ. ಹಸುವಿಗೆ ದಿನದ ಹಾಲಿನ ಲೀಟರಿಗೆ 3,000, ಎಮ್ಮೆಗೆ 4,000 ರೂಪಾಯಿ ಅನ್ನುವುದು ಮಾರ್ಗಸೂಚಿಯ ಕನಿಷ್ಠ ಲೆಕ್ಕ. ಹತ್ತು ಲೀಟರ್ ಹಸುವಿಗೆ ಇದರಂತೆ 30,000. ಸಂತೆಯಲ್ಲಿ ಅಂಥ ಹಸು ಆ ಬೆಲೆಗೆ ಸಿಗುವುದಿಲ್ಲ. ಇದು ಕನಿಷ್ಠ ಮಾತ್ರ, ಮಾರುಕಟ್ಟೆ ಬೆಲೆಗೆ ಕಟ್ಟಲು ಅವಕಾಶವಿದೆ. ವೈದ್ಯರು, ವಿಮಾ ಪ್ರತಿನಿಧಿ ಕೊಟ್ಟಿಗೆಯಲ್ಲಿದ್ದಾಗಲೇ ಮಾತಾಡಿಕೊಳ್ಳಬೇಕು. ಸತ್ತ ಮೇಲೆ ಪಾಲಿಸಿಯಲ್ಲಿರುವ ಅಂಕಿಯೇ ಅಂತಿಮ.

ಇನ್ನು ಕಿವಿಯೋಲೆ. ಆ ಹಳದಿ ಬಿಲ್ಲೆಯ 12 ಅಂಕಿಯೇ ನಿಮ್ಮ ದನದ ಗುರುತು, ಅದಿಲ್ಲದಿದ್ದರೆ ಪರಿಹಾರವಿಲ್ಲ. ಗೊಂತಿಗೆ ಕಿವಿ ಉಜ್ಜಿ, ಬೇಲಿಗೆ ಸಿಕ್ಕಿ ಓಲೆ ಹರಿಯುವುದು ಮಾಮೂಲು. ಹರಿದರೆ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಹೊಸ ಓಲೆ ಹಾಕಿಸಿ, ಹೊಸ ಸಂಖ್ಯೆಯನ್ನು ಪಾಲಿಸಿಗೆ ಸೇರಿಸಿದ ಪತ್ರ ಇಸಿದುಕೊಳ್ಳಬೇಕು. ಹೊಸ ಓಲೆ ಹಾಕಿಸಿ ಸುಮ್ಮನಾದರೆ ಪಾಲಿಸಿಯಲ್ಲಿ ಒಂದು ಸಂಖ್ಯೆ, ಕಿವಿಯಲ್ಲಿ ಇನ್ನೊಂದು. ವಿಮೆ ತಿರಸ್ಕಾರವಾಗಲು ಅಷ್ಟು ಸಾಕು. ಜತೆಗೆ ಸಾಮಾನ್ಯವಾಗಿ ಮೊದಲ 15 ದಿನ ರೋಗದಿಂದ ಸತ್ತರೆ ಪರಿಹಾರ ಸಿಗುವುದಿಲ್ಲ, ಹಸು ಮಂಕಾದ ಮೇಲೆ ವಿಮೆಗೆ ಓಡಿ ಪ್ರಯೋಜನವಿಲ್ಲ.

ಪರಿಹಾರಕ್ಕೆ ಬೇಕಾದ ಕಾಗದ ನಾಲ್ಕೇ: ಸಾವಿನ ಮಾಹಿತಿ ಕೊಟ್ಟ ದಾಖಲೆ, ಪಾಲಿಸಿ, ಕ್ಲೇಮ್ ಅರ್ಜಿ, ಮರಣೋತ್ತರ ಪರೀಕ್ಷೆಯ ವರದಿ. ಇವನ್ನು ಕೊಟ್ಟ 15 ದಿನದಲ್ಲಿ ಇತ್ಯರ್ಥವಾಗಬೇಕೆಂದು ಮಾರ್ಗಸೂಚಿಯಲ್ಲಿದೆ. ಐದನೆಯ, ಆರನೆಯ ಕಾಗದ ಕೇಳಿದರೆ ಯಾವ ನಿಯಮದಂತೆ ಎಂದು ಬರೆದುಕೊಡಲು ಹೇಳಿ. ವಿಮೆ ಇರುವ ಹಸುವನ್ನು ಮಾರಿದರೆ ಉಳಿದ ಅವಧಿಯ ಪಾಲಿಸಿ ಕೊಂಡವರ ಹೆಸರಿಗೆ ವರ್ಗವಾಗುತ್ತದೆ, ವ್ಯಾಪಾರದಲ್ಲಿ ಅದಕ್ಕೂ ಬೆಲೆ ಇದೆ.

ಅನುಗ್ರಹ ಯೋಜನೆ ಆಕಸ್ಮಿಕವಾಗಿ ಸತ್ತ ಪ್ರಾಣಿಗಳಿಗೆ ರಾಜ್ಯ ಕೊಡುವ ಪರಿಹಾರ. ನಡುವೆ ನಿಂತುಹೋಗಿ 2023ರಲ್ಲಿ ಮತ್ತೆ ಜೀವ ಪಡೆಯಿತು. 2025-26ರ ಬಜೆಟ್ ಪ್ರಕಾರ ಹಸು, ಎಮ್ಮೆ, ಎತ್ತಿಗೆ 10,000ದಿಂದ 15,000ಕ್ಕೆ, ಕುರಿ, ಮೇಕೆಗೆ 5,000ದಿಂದ 7,500ಕ್ಕೆ ಏರಿಕೆ. ಕುರಿಗಾರರಿಗೆ ಇದು ನಿಜಕ್ಕೂ ಆಸರೆ. ಹಾಲು ಕೊಡುವ ಹಸುವಿನ ಬೆಲೆಯ ಮುಂದೆ 15,000 ಸಮಾಧಾನದ ಮಾತಷ್ಟೇ.

ಇಲ್ಲಿ ಎಲ್ಲವೂ ನಿಂತಿರುವುದು ಮರಣೋತ್ತರ ಪರೀಕ್ಷೆಯ ಮೇಲೆ. ಬಿಸಿಲಿಗೆ ಕುರಿಯ ಹೆಣ ಬೇಗ ಉಬ್ಬಿ ಕೊಳೆಯುತ್ತದೆ, ಆಮೇಲೆ ವೈದ್ಯರಿಗೂ ಕಾರಣ ಸಿಗುವುದಿಲ್ಲ. ರಾತ್ರಿ ಸತ್ತರೆ ಬೆಳಕು ಹರಿಯುತ್ತಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಅಲ್ಲಿಯವರೆಗೆ ಹೆಣವನ್ನು ನೆರಳಿಗೆ ಎಳೆದಿಡಿ, ಕಿವಿಯೋಲೆ ಕಾಣುವಂತೆ ಫೋಟೊ ತೆಗೆದುಕೊಳ್ಳಿ. ಹೂತ ಮೇಲೆ ಕೇಳಿದರೆ ಯಾರೂ ಬರೆದುಕೊಡುವುದಿಲ್ಲ. ಒಂದು ಕಡೆ ಮಾತ್ರ ಬೇರೆ ರೀತಿ: ಇದ್ದಕ್ಕಿದ್ದಂತೆ ಸತ್ತು ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುತ್ತಿದ್ದರೆ ಅದು ನೆರಡಿ ಅಥವಾ ಅಂತ್ರಾಕ್ಸ್ ಇರಬಹುದು. ಅಂಥ ಹೆಣವನ್ನು ಕೊಯ್ಯುವಂತಿಲ್ಲ, ಚರ್ಮ ಸುಲಿಯುವಂತಿಲ್ಲ. ವೈದ್ಯರು ಕಿವಿಯಿಂದ ರಕ್ತದ ಲೇಪ ತೆಗೆದು ಪರೀಕ್ಷಿಸುತ್ತಾರೆ. 'ಪರಿಹಾರಕ್ಕೆ ಪೋಸ್ಟ್‌ಮಾರ್ಟಂ ಬೇಕೇ ಬೇಕು' ಎಂದು ಹಟ ಹಿಡಿದು ಹೊಟ್ಟೆ ಸೀಳಿಸಿದರೆ ರೋಗಾಣು ಮಣ್ಣಿಗೆ ಸೇರಿ ವರ್ಷಗಟ್ಟಲೆ ಉಳಿಯುತ್ತದೆ, ಮನುಷ್ಯರಿಗೂ ಹಬ್ಬುತ್ತದೆ.

ಯೂಟ್ಯೂಬಿನಲ್ಲಿ ಹೆಚ್ಚು ಸದ್ದು ಮಾಡುವ '50 ಲಕ್ಷ ಸಬ್ಸಿಡಿ' ಜಾನುವಾರು ಮಿಷನ್‌ನ ಉದ್ಯಮಶೀಲತಾ ಯೋಜನೆಯದು. ನೂರಕ್ಕೆ 50 ಪಾಲು ಬಂಡವಾಳ ಸಹಾಯಧನ ಅನ್ನುವುದು ನಿಜ, ಆದರೆ 50 ಲಕ್ಷ ಸಿಗುವುದು 500 ಕುರಿ, 25 ಟಗರಿನ ಘಟಕಕ್ಕೆ. 100 ಕುರಿ, 5 ಟಗರಿಗೆ ಗರಿಷ್ಠ 10 ಲಕ್ಷ. ಕೋಳಿಗೆ 25 ಲಕ್ಷದವರೆಗೆ, ಸೈಲೇಜ್‌ನಂಥ (ಹುದುಗಿಸಿಟ್ಟ ಹಸಿಮೇವು) ಮೇವಿನ ಘಟಕಕ್ಕೆ 50 ಲಕ್ಷದವರೆಗೆ. ಹೈನು ಹಸು ಕೊಳ್ಳಲು ಇದರಲ್ಲಿ ದುಡ್ಡಿಲ್ಲ. ಜಮೀನು ಕೊಳ್ಳಲು, ಬಾಡಿಗೆಗೆ, ಸ್ವಂತ ವಾಹನಕ್ಕೂ ಇಲ್ಲ. ಉದ್ಯಮಿ ಮಿತ್ರ ಪೋರ್ಟಲ್‌ನಲ್ಲಿ ಅರ್ಜಿ, ಬ್ಯಾಂಕಿನ ಸಾಲ ಮಂಜೂರಾತಿ, ಆಮೇಲೆ ಸಣ್ಣ ಕೈಗಾರಿಕೆಗಳ ಬ್ಯಾಂಕ್ ಸಿಡ್ಬಿ ಮೂಲಕ ಸಹಾಯಧನದ ಎರಡು ಸಮ ಕಂತು. ಮೊದಲ ಕಂತು ಬರುವುದು ಬ್ಯಾಂಕ್ ತನ್ನ ಸಾಲ ಬಿಟ್ಟು, ತಪಾಸಣೆ ಮುಗಿದ ಮೇಲೆ. ಎರಡನೆಯದು ಘಟಕ ಪೂರ್ಣವಾದ ಮೇಲೆ. ಅಷ್ಟರವರೆಗೆ ಬಡ್ಡಿ ನಿಮ್ಮದೇ. ಅಡಮಾನಕ್ಕೆ ಆಸ್ತಿ, ಕೈಯಲ್ಲಿ ಅಂಚಿನ ಹಣ (ಸಾಲದ ಜತೆ ತಾವೇ ಹಾಕಬೇಕಾದ ಪಾಲು) ಇಲ್ಲದವರನ್ನು ಬ್ಯಾಂಕ್ ಮೊದಲ ಮೆಟ್ಟಿಲಲ್ಲೇ ನಿಲ್ಲಿಸುತ್ತದೆ. ಯೋಜನಾ ವರದಿ ಬರೆದುಕೊಡುತ್ತೇವೆ, ಮಂಜೂರೂ ಮಾಡಿಸುತ್ತೇವೆ ಎಂದು ಮುಂಗಡ ಕೇಳುವ ದಲ್ಲಾಳಿಗಳು ಮಾತ್ರ ಈ ಮೆಟ್ಟಿಲ ವಿಷಯ ಹೇಳುವುದಿಲ್ಲ. ಈ ಯೋಜನೆಗೆ ಐದಕ್ಕೆ ಎರಡು.

ಸಣ್ಣ ಹಿಡುವಳಿಯವರಿಗೆ ಇದಕ್ಕಿಂತ ಪಶುಪಾಲನೆಯ ಕಿಸಾನ್ ಕ್ರೆಡಿಟ್ ಕಾರ್ಡ್ ವಾಸಿ. 2025ರ ಜನವರಿ 1ರಿಂದ 2 ಲಕ್ಷದವರೆಗೆ ಅಡಮಾನ ಬೇಕಿಲ್ಲ. ಬಡ್ಡಿ ವರ್ಷಕ್ಕೆ ನೂರಕ್ಕೆ 7, ಗಡುವಿನೊಳಗೆ ಕಟ್ಟಿದರೆ 4. ಇದು ಮೇವು, ಹಿಂಡಿ, ಔಷಧದಂಥ ದುಡಿಮೆ ಬಂಡವಾಳಕ್ಕೆ. ಹೊಸ ಹಸು ಕೊಳ್ಳಲು ಬೇರೆ ಅವಧಿ ಸಾಲ ಕೇಳಬೇಕು. ಒಂದು ಲಕ್ಷ ಸಾಲವಿದ್ದರೆ ವರ್ಷಕ್ಕೆ 4,000ವೋ 7,000ವೋ ಅನ್ನುವುದು ಗಡುವಿನ ದಿನದ ಮೇಲೆ ನಿಂತಿದೆ. ಕ್ಷೀರಧಾರೆಯ ಬಾಕಿ ಬಂದ ಮೇಲೆ ಕಟ್ಟೋಣ ಎಂದು ಕಾಯುತ್ತ ಕೂತರೆ ಆ 3,000 ಕೈತಪ್ಪುತ್ತದೆ.