ಒಂಬತ್ತು ವರ್ಷದ ಮಗುವಿನ ಹಲ್ಲಿಗೆ ಕ್ಲಿಪ್: ಹಣ ಕಟ್ಟುವ ಮೊದಲು ಓದಿ

ಎಂಟರಿಂದ ಹನ್ನೊಂದು ವರ್ಷದ ಮಕ್ಕಳ ಮೇಲಿನ ಮುಂಭಾಗದ ಹಲ್ಲುಗಳ ನಡುವೆ ಸಂದಿ ಕಂಡು ಕ್ಲಿಪ್ ಹಾಕಿಸಲು ಹೊರಟ ಪಾಲಕರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬಾಗಲಕೋಟೆಯ ಒಂದು ಖಾಸಗಿ ದಂತ ದವಾಖಾನೆಗೆ ಹುಳುಕು ಹಲ್ಲು ತೋರಿಸಲು ಹೋಗಿದ್ದಾಗ, ಅಲ್ಲಿನ ವೈದ್ಯರು ನನ್ನ ಒಂಬತ್ತು ವರ್ಷದ ಮಗಳ ಹಲ್ಲಿನ ಸಂದಿಯನ್ನು ಈಗಲೇ ಮುಚ್ಚದಿದ್ದರೆ ಮುಂದೆ ದವಡೆಯೇ ಸೊಟ್ಟಾಗುತ್ತದೆ ಎಂದರು. ಎಕ್ಸ್-ರೇ ತೆಗೆಯಲಿಲ್ಲ, ಹಲ್ಲಿನ ಅಚ್ಚು ತೆಗೆಯಲಿಲ್ಲ. ಮುಂಗಡವನ್ನು ಮಾತ್ರ ಅಂದೇ ಪಡೆದರು. ಫಲಕದಲ್ಲಿ ಹೆಸರಿಸಿದ್ದ ಕ್ಲಿಪ್ ತಜ್ಞರು ಬೇರೆ ಊರಿನಿಂದ ಆಗೊಮ್ಮೆ ಈಗೊಮ್ಮೆ ಬರುವವರೆಂಬುದು ತಂತಿ ಬಿಗಿದ ಮೇಲೆ ತಿಳಿಯಿತು. ಕೆಲವೇ ತಿಂಗಳಲ್ಲಿ ಅವರ ಜಾಗಕ್ಕೆ ಇನ್ನೊಬ್ಬರು ಬಂದರು. ಬರೆದಿಟ್ಟ ಯೋಜನೆಯೇ ಇಲ್ಲದ್ದರಿಂದ ಅವರಿಗೆ ಮುಂದೇನು ಮಾಡಬೇಕೆಂಬುದು ತೋಚಲಿಲ್ಲ. ಕ್ಲಿಪ್ ಸುತ್ತ ಬ್ರಷ್ ಮಾಡುವ ಬಗೆಯನ್ನು ಯಾರೂ ಕಲಿಸಿರಲಿಲ್ಲವಾಗಿ ಹಲ್ಲುಗಳ ಮೇಲೆ ಬಿಳಿ ಕಲೆಗಳು ಮೂಡಿದವು.

ಕೊನೆಗೆ ದಂತ ಕಾಲೇಜೊಂದರ ಆರ್ಥೊಡಾಂಟಿಕ್ಸ್, ಅಂದರೆ ಹಲ್ಲುಗಳ ಸಾಲು ಸರಿಪಡಿಸುವ, ವಿಭಾಗದಲ್ಲಿ ಇಡೀ ದವಡೆಯ ಎಕ್ಸ್-ರೇ, ಅಂದರೆ ಒಪಿಜಿ, ತೆಗೆಸಿ ನೋಡಿದಾಗ ವಿಷಯ ಬೇರೆಯೇ ಇತ್ತು. ಈ ವಯಸ್ಸಿನಲ್ಲಿ ಇನ್ನೂ ಹೊರಬರದ ಕೋರೆಹಲ್ಲುಗಳು ಒಸಡಿನ ಒಳಗಿನಿಂದ ಪಕ್ಕದ ಹಲ್ಲುಗಳ ಬೇರನ್ನು ಒತ್ತುವುದರಿಂದ ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಅಗಲುತ್ತವೆ; ಹನ್ನೊಂದು, ಹನ್ನೆರಡರ ಸುಮಾರಿಗೆ ಕೋರೆಹಲ್ಲು ಇಳಿದಾಗ ಸಣ್ಣ ಸಂದಿಯಾದರೆ ಬಹುತೇಕ ತಾನಾಗಿಯೇ ಮುಚ್ಚುತ್ತದೆ. ಅದಕ್ಕೂ ಮೊದಲು ತಂತಿಯಿಂದ ಬಲವಂತವಾಗಿ ಎಳೆದರೆ, ಪಕ್ಕದ ಹಲ್ಲಿನ ಬೇರು ಕೋರೆಹಲ್ಲಿಗೆ ತಾಗಿ ಸವೆಯುವ ಅಪಾಯವಿದೆ. ಎಕ್ಸ್-ರೇ ಇಲ್ಲದೆ ಇದನ್ನು ಯಾರೂ ಕಾಣಲಾರರು. ಮಗಳ ಕ್ಲಿಪ್ ತೆಗೆಸಿದೆವು, ಮುಂಗಡ ವಾಪಸು ಬರಲಿಲ್ಲ.

ದಂತವೈದ್ಯ ಪದವಿಯಾದ ಬಿಡಿಎಸ್ ಮುಗಿಸಿ ಮತ್ತೆ ಮೂರು ವರ್ಷ ಆರ್ಥೊಡಾಂಟಿಕ್ಸ್ ವಿಷಯದಲ್ಲೇ ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿ ಮಾಡಿದವರು ಆರ್ಥೊಡಾಂಟಿಸ್ಟ್. ಫಲಕದ ಮೇಲಿನ ‘ತಜ್ಞ’ ಎಂಬ ಪದಕ್ಕೆ ಮರುಳಾಗದೆ ಪದವಿಯನ್ನೂ ರಾಜ್ಯ ದಂತ ಪರಿಷತ್ತಿನ ನೋಂದಣಿಯನ್ನೂ ಕೇಳಿ ನೋಡಿ. ಕೇಳಿದ್ದಕ್ಕೆ ಸಿಡುಕುವವರ ಕುರ್ಚಿಯಲ್ಲಿ ಮಗುವನ್ನು ಕೂರಿಸದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ: ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯ, ವಿಜಯಪುರದಲ್ಲಿ ಅಲ್-ಅಮೀನ್, ಬೆಳಗಾವಿಯಲ್ಲಿ ಕೆಎಲ್‌ಇ ಮತ್ತು ಮರಾಠಾ ಮಂಡಳದ ದಂತ ಕಾಲೇಜುಗಳಿವೆ. ಕಾಲೇಜಿನಲ್ಲಿ ಸರದಿಗಾಗಿ ಕಾಯಬೇಕಾಗುತ್ತದೆ, ವಿದ್ಯಾರ್ಥಿಗಳೂ ಪರೀಕ್ಷಿಸುತ್ತಾರೆ. ಆದರೆ ದಾಖಲೆ ಉಳಿಯುತ್ತದೆ.

ಕ್ಲಿಪ್ ನಿಜಕ್ಕೂ ಬೇಕಾದಲ್ಲಿ ಒಂದೂವರೆ, ಎರಡು ವರ್ಷ ಹಿಡಿಯುವುದು ಸಾಮಾನ್ಯ. ಅದನ್ನು ತೆಗೆದ ಮೇಲೆ ಹಲ್ಲು ಮರಳಿ ಸರಿಯದಂತೆ ರಿಟೇನರ್ ಧರಿಸಬೇಕು. ರಿಟೇನರಿನ ಹಣ ಒಟ್ಟು ಮೊತ್ತದಲ್ಲಿ ಸೇರಿದೆಯೇ, ನಡುವೆ ವೈದ್ಯರು ಬದಲಾದರೆ ಯಾರು ಹೊಣೆ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಖಾಸಗಿ ವೈದ್ಯಕೀಯ ಸಂಸ್ಥೆಗಳು ದರಪಟ್ಟಿಯನ್ನು ಪ್ರದರ್ಶಿಸಬೇಕೆಂದು ರಾಜ್ಯದ 2007ರ ಕಾಯ್ದೆಯೇ ಹೇಳುತ್ತದೆ.

ಹಾಗೆಂದು ಎಲ್ಲ ಮಕ್ಕಳ ವಿಷಯದಲ್ಲೂ ಕಾಯುತ್ತ ಕೂರುವುದು ಸರಿಯಲ್ಲ. ಕೆಳಗಿನ ಹಲ್ಲುಗಳು ಮೇಲಿನವನ್ನು ದಾಟಿ ಮುಂದೆ ಬಂದಿದ್ದರೆ, ಬಿದ್ದರೆ ಮುರಿಯುವಷ್ಟು ಮೇಲ್ಹಲ್ಲು ಚಾಚಿದ್ದರೆ, ಬೆರಳು ಚೀಪುವ ಚಟ ಬಿಡದಿದ್ದರೆ, ಏಳನೆಯ ವರ್ಷದ ಹೊತ್ತಿಗೇ ಆರ್ಥೊಡಾಂಟಿಸ್ಟ್ ಬಳಿ ತೋರಿಸಬೇಕು.