ಘಾಜಾನ್ ಖಾನನ ಎರಡು ದಿರ್ಹಂ: ತಕ್ಕಡಿಗೆ ಹಾಕಿ ಕೊಳ್ಳಬೇಕಾದ ಬೆಳ್ಳಿ

ಇರಾನನ್ನು ಆಳಿದ ಮಂಗೋಲ್ ಖಾನರ ನಾಣ್ಯಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ಘಾಜಾನ್ ಖಾನನ ಎರಡು ದಿರ್ಹಮಿನ ಬೆಳ್ಳಿ ನಾಣ್ಯವನ್ನು ಕೊಳ್ಳಿ. ಇದು ಅಪರೂಪದ್ದೇನಲ್ಲ. ತಬ್ರೀಜ್, ಬಾಗ್ದಾದ್, ಶಿರಾಜ್ ಟಂಕಸಾಲೆಗಳಲ್ಲಿ ಹೇರಳವಾಗಿ ಅಚ್ಚಾದದ್ದು. ನಾಣ್ಯದ ಹರಾಜುಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಹೇರಳವಾಗಿರುವುದೇ ಇದರ ದೊಡ್ಡಗುಣ. ಇಡೀ ರಾಜ್ಯದಲ್ಲಿ ಒಂದೇ ತೂಕದ, ಒಂದೇ ಅಚ್ಚಿನ ಹಣ ಓಡಾಡಲಿ ಎಂದು 1297ರ ಸುಮಾರಿಗೆ ಹೊರಡಿಸಿದ ನಾಣ್ಯ ಇದು, ಆ ಮಾತು ಏಳುನೂರು ವರ್ಷ ಕಳೆದರೂ ತಕ್ಕಡಿಯ ಮೇಲೆ ನಿಲ್ಲುತ್ತದೆ.

ಲೆಕ್ಕ ಸರಳ. ಒಂದು ದಿರ್ಹಂ ಎಂದರೆ ಆ ಕಾಲದ ತೂಕದ ಮಾನವಾದ ಮಿಸ್ಕಾಲಿನ ಅರ್ಧ, ಸುಮಾರು 2.16 ಗ್ರಾಂ. ಎರಡು ದಿರ್ಹಮಿನ ನಾಣ್ಯ 4.32 ಗ್ರಾಂ. ಇಂಥ ಮೂರು ಸೇರಿದರೆ ಒಂದು ದಿನಾರ್, ಹತ್ತು ಸಾವಿರ ದಿನಾರಿಗೆ ಒಂದು ತುಮಾನ್. ಅದಕ್ಕೂ ಮುಂಚೆ ಒಂದೊಂದು ಪ್ರಾಂತ್ಯದ ನಾಣ್ಯದಲ್ಲಿ ಬೆಳ್ಳಿಯ ಪಾಲು ಒಂದೊಂದು ಬಗೆ. ಊರು ದಾಟಿದ ವ್ಯಾಪಾರಿ ಚಿನಿವಾರನ ಮುಂದೆ ಕುಳಿತರೆ ನಷ್ಟ ಕಟ್ಟಿಟ್ಟದ್ದು. ಘಾಜಾನ್ ನಾಣ್ಯವನ್ನಷ್ಟೇ ಅಲ್ಲ, ತೂಕದ ಬಟ್ಟು, ಅಳತೆಗಳನ್ನೂ ತಬ್ರೀಜಿನ ಮಾನಕ್ಕೆ ಕಟ್ಟಿಹಾಕಿದ.

ಈಗ ನಾಣ್ಯವನ್ನು ಭೂತಗನ್ನಡಿಯ ಕೆಳಗಿಡಿ. ಒಂದು ಮುಖದಲ್ಲಿ ಅರಬ್ಬಿಯಲ್ಲಿ ಕಲಿಮಾ, ಅಂದರೆ ಇಸ್ಲಾಮಿನ ನಂಬಿಕೆ ಸಾರುವ ವಾಕ್ಯ. ಇನ್ನೊಂದರಲ್ಲಿ ಉಯ್ಘುರ್ ಲಿಪಿಯ ಮಂಗೋಲ್ ಸಾಲುಗಳು, ನಡುವೆ ಅರಬ್ಬಿಯಲ್ಲಿ 'ಘಾಜಾನ್ ಮಹಮೂದ್'. 1295ರಲ್ಲಿ ಇಸ್ಲಾಂ ಸ್ವೀಕರಿಸಿದಾಗ ಅವನು ತಳೆದ ಹೆಸರದು. ಮಂಗೋಲ್ ಸಾಲು ಶುರುವಾಗುವುದು 'ತೆಂಗ್ರಿ' ಎಂಬ ಪದದಿಂದ: ಆಕಾಶದೇವನ ಬಲದಿಂದ ಘಾಜಾನ್ ಹೊಡೆಸಿದ ನಾಣ್ಯ ಎಂದು ಅರ್ಥ. ಅವನ ಮುತ್ತಾತ ಹುಲಾಗು, ತಾತ ಅಬಾಖಾ ಇವರ ಕಾಲದ ನಾಣ್ಯಗಳಲ್ಲಿ ಮಂಗೋಲರೆಲ್ಲರ ಒಡೆಯನೆನಿಸಿದ ದೂರದ ಮಹಾಖಾನನಿಗೆ ಮೊದಲ ಮಣೆ. ಘಾಜಾನ್ ಅದನ್ನು ತೆಗೆದುಹಾಕಿದ.

ಇದೇ ಮುಖದ ಬದಿಯಲ್ಲಿ ಮೂರು ಚೌಕಾಕಾರದ ಅಕ್ಷರಗಳಿವೆ. ಕನ್ನಡಿಗರು ನಿಧಾನಿಸಿ ನೋಡಬೇಕಾದ್ದು ಇವನ್ನು. ಟಿಬೆಟಿನ ಲಾಮಾ ಫಗ್ಸ್‌ಪಾ ಚೀನಾವನ್ನಾಳಿದ ಮಂಗೋಲ್ ದೊರೆ ಕುಬ್ಲಾಯ್ ಖಾನನಿಗಾಗಿ ರೂಪಿಸಿದ, 1269ರಲ್ಲಿ ಜಾರಿಗೆ ಬಂದ ಲಿಪಿ ಅದು. ಟಿಬೆಟಿನ ಲಿಪಿಯಿಂದ ಹುಟ್ಟಿದ್ದು, ಟಿಬೆಟಿನದು ಬ್ರಾಹ್ಮಿಯ ಮಗು, ನಮ್ಮ ಕನ್ನಡದ್ದೂ ಅದೇ ಮೂಲ. ಆ ಮೂರು ಅಕ್ಷರಗಳನ್ನು 'ಚಕ್ರವರ್ತಿ' ಎಂಬ ಪದದ ಮೊಟಕು ರೂಪವೆಂದು ಓದಿದ ವಿದ್ವಾಂಸರಿದ್ದಾರೆ. ಬೆರಳ ತುದಿಯಗಲದ ಬೆಳ್ಳಿಯ ಮೇಲೆ ಅರಬ್ಬಿ, ಉಯ್ಘುರ್, ಫಗ್ಸ್‌ಪಾ ಮೂರೂ ಲಿಪಿ! ಬೇರೇನೂ ಇಲ್ಲದಿದ್ದರೂ ಇದಕ್ಕಾಗಿಯೇ ಈ ನಾಣ್ಯ ಕೊಳ್ಳಬಹುದು. ಹಾಗಾಗಿ ಈ ಮೂರು ಅಕ್ಷರ ಸವೆದುಹೋದ ಪ್ರತಿಯನ್ನು ಅಗ್ಗಕ್ಕೆ ಸಿಕ್ಕರೂ ಬಿಡಿ.

ತೂಕಕ್ಕೆ ಇಷ್ಟು ಬೆಲೆ ಬಂದದ್ದೇಕೆ ಎಂದು ತಿಳಿಯಲು 1294ಕ್ಕೆ ಹೋಗಬೇಕು. ಆಗಿನ ಖಾನ ಗೈಖಾತು ಬೊಕ್ಕಸವನ್ನು ಬರಿದು ಮಾಡಿಕೊಂಡಿದ್ದ. ಮಂತ್ರಿ ಸದ್ರುದ್ದೀನ್ ಜಂಜಾನಿ ಚೀನಾದ ಮಾದರಿಯ ಕಾಗದದ ಹಣ ತಂದ, ಹೆಸರು 'ಛಾವ್'. ಅರ್ಧ ದಿರ್ಹಮಿನಿಂದ ಹತ್ತು ದಿನಾರಿನವರೆಗೆ ಬೆಲೆ, ಚೀನೀ ಅಕ್ಷರಗಳ ಜತೆ ಕಲಿಮಾ. ಹರಿದ ನೋಟು ತಂದರೆ ಹತ್ತಕ್ಕೆ ಒಂಬತ್ತು ಕೊಡುತ್ತಿದ್ದರು, ಛಾವ್ ತೆಗೆದುಕೊಳ್ಳದವರಿಗೆ ಮರಣದಂಡನೆ. ಸೆಪ್ಟೆಂಬರಿನಲ್ಲಿ ತಬ್ರೀಜಿನಲ್ಲಿ ಹೊರಬಂತು, ಅಂಗಡಿಗಳು ಬಾಗಿಲು ಹಾಕಿದವು, ತಿನ್ನುವ ಸಾಮಾನೂ ಸಿಗದಾಯಿತು, ಜನ ಊರು ಬಿಟ್ಟರು. ಸುಮಾರು ಎರಡು ತಿಂಗಳಲ್ಲಿ ಎಲ್ಲ ಮುಗಿಯಿತು. ಕುಬ್ಲಾಯ್ 1260ರಲ್ಲಿ ನೋಟು ತಂದಾಗ ಹಿಂದೆ ಬೆಳ್ಳಿಯ ದಾಸ್ತಾನಿತ್ತು, ತೆರಿಗೆಯನ್ನೂ ಅದರಲ್ಲೇ ಕಟ್ಟಬಹುದಿತ್ತು. ತಬ್ರೀಜಿನಲ್ಲಿ ಜನರ ಬೆಳ್ಳಿ ಎತ್ತಿಕೊಳ್ಳುವುದೇ ಉದ್ದೇಶ, ತಿರುಗಿ ಕೊಡಲು ಬೊಕ್ಕಸದಲ್ಲಿ ಏನೂ ಇರಲಿಲ್ಲ. ಮೂವತ್ತೈದು ವರ್ಷದ ಮೇಲೆ ದೆಹಲಿ, ದೌಲತಾಬಾದುಗಳಲ್ಲಿ ತುಘಲಕ್ ಹೊರಡಿಸಿದ ತಾಮ್ರ-ಹಿತ್ತಾಳೆಯ ನಾಣ್ಯದ ಗತಿಯೂ ಇದಕ್ಕಿಂತ ಬೇರೆಯಾಗಲಿಲ್ಲ. ಕೊಳ್ಳುವವರಿಗೆ ಇಲ್ಲೊಂದು ಎಚ್ಚರಿಕೆ: ತಬ್ರೀಜಿನ ಛಾವ್ ನೋಟು ಒಂದೂ ಉಳಿದಿಲ್ಲ. ಯಾರಾದರೂ ತೋರಿಸಿದರೆ ಅದು ಚೀನಾದ್ದು, ಇಲ್ಲವೇ ಇತ್ತೀಚೆಗೆ ಅಚ್ಚು ಹಾಕಿದ್ದು.

ಇನ್ನು ಪರೀಕ್ಷೆ. 0.01 ಗ್ರಾಂವರೆಗೆ ತೋರಿಸುವ ತಕ್ಕಡಿ ಸಾಕು. ಚೆನ್ನಾಗಿರುವ ಎರಡು ದಿರ್ಹಂ 4.2ರಿಂದ 4.3 ಗ್ರಾಂ ತೂಗುತ್ತದೆ. 4.1ಕ್ಕಿಂತ ಕಡಿಮೆಯಿದ್ದರೆ ಅಂಚು ಕತ್ತರಿಸಿರಬಹುದು, ಸುತ್ತಲೂ ತಿರುಗಿಸಿ ನೋಡಿ. ಮುಂದಿನ ಹಂತ: ಲೋಟದಲ್ಲಿ ನೀರಿಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. 4.30 ಗ್ರಾಮಿನ ನಾಣ್ಯಕ್ಕೆ 0.41 ಅಥವಾ 0.42 ಬಂದರೆ ಬೆಳ್ಳಿ. 0.48ರ ಹತ್ತಿರ ಬಂದರೆ ಒಳಗೆ ತಾಮ್ರವಿದೆ. ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆ ಲೆಕ್ಕ ಕೆಡಿಸುತ್ತದೆ, ಒಮ್ಮೆ ಅಲ್ಲಾಡಿಸಿ ಮತ್ತೆ ನೋಡಿ. ಅಕ್ಕಸಾಲಿಗರ ಹತ್ತಿರ ಒಯ್ದು ಒರೆಗಲ್ಲಿಗೆ ಮಾತ್ರ ಉಜ್ಜಿಸಬೇಡಿ, ಗೀರು ಹೋಗುವುದಿಲ್ಲ.

ಸುತ್ತಿಗೆ ಏಟಿನಿಂದ ಹುಟ್ಟಿದ ನಾಣ್ಯದ ಅಂಚಿನಲ್ಲಿ ಸಣ್ಣ ಬಿರುಕು, ಅಕ್ಷರದ ಗೆರೆಯಲ್ಲಿ ಚೂಪು ಇರುತ್ತದೆ. ಎರಕ ಹೊಯ್ದ ನಕಲಿಯ ಅಕ್ಷರ ಬಳಸಿದ ಸೋಪಿನ ಹಾಗೆ ಮೊಂಡಾಗಿ, ಮೈಮೇಲೆ ಸೂಜಿಮೊನೆಯಂಥ ತೂತುಗಳು ಕಾಣುತ್ತವೆ. ಅಂಚಿನ ಸುತ್ತ ಗೆರೆಯೋ ಅರ ಹಾಕಿದ ಗುರುತೋ ಸಿಗುತ್ತದೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ಆಮೇಲೆ ಕಿತ್ತ ನಾಣ್ಯಗಳೂ ಇವೆ, ಅಂಚಿನ ಒಂದೇ ಕಡೆ ಬೆಸುಗೆಯ ಕಲೆ ಹುಡುಕಿ. ಈ ನಾಣ್ಯದ ನಿಜವಾದ ಕೊರತೆ ಬೇರೆ: ಅಚ್ಚು ಅತ್ತಿತ್ತ ಸರಿದು ಟಂಕಸಾಲೆಯ ಹೆಸರೋ ಇಸವಿಯೋ ಅಂಚಿನಾಚೆ ಹೋಗಿರುತ್ತದೆ. ಇಸವಿ ಅಂಕಿಯಲ್ಲಿಲ್ಲ, ಅರಬ್ಬಿ ಪದಗಳಲ್ಲಿದೆ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ನಮ್ಮ ಲೆಕ್ಕ ಬರುತ್ತದೆ. ಹಿಜರಿ 700 ಎಂದರೆ 1300-01. ಊರು, ಇಸವಿ ಎರಡೂ ಓದುವಂತಿದ್ದರೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ, ದೇವರ ಮನೆಯ ಬೆಳ್ಳಿಗೆ ಹಾಕುವ ಯಾವುದೂ ಇದಕ್ಕೆ ಬೇಡ. ತಗ್ಗಿನಲ್ಲಿರುವ ಕಪ್ಪು ಪದರ ಹೋದರೆ ಉಬ್ಬಿದ ಉಯ್ಘುರ್ ಗೆರೆಗಳು ಕಣ್ಣಿಗೆ ಎದ್ದು ಕಾಣುವುದಿಲ್ಲ. ಮೆತ್ತನೆ ಪಿವಿಸಿ ಚೀಲದಲ್ಲಿ ಇಟ್ಟರೆ ಹಸಿರು ಜಿಗುಟು ಹತ್ತುತ್ತದೆ. ವಿದೇಶದಲ್ಲಿರುವವರಿಗೆ ಇನ್ನೊಂದು ತಿಳಿದಿರಲಿ: ನೂರು ವರ್ಷ ಮೀರಿದ ನಾಣ್ಯ 1972ರ ಕಾಯ್ದೆಯಂತೆ ಪುರಾವಸ್ತು, ಭಾರತದಿಂದ ಅದನ್ನು ಹೊರಗೆ ಒಯ್ಯುವುದು ಖಾಸಗಿಯವರಿಗೆ ನಿಷಿದ್ಧ. ಊರಿಗೆ ತರುವ ಮೊದಲೇ ಕಸ್ಟಮ್ಸ್‌ನಲ್ಲಿ ವಿಚಾರಿಸಿ.

ಎರಡನೆಯದನ್ನು ಕೊಳ್ಳುವ ಮನಸ್ಸಾದರೆ ಇದೇ ವಂಶದ ಖಾನ, 1335ರಲ್ಲಿ ತೀರಿಕೊಂಡ ಅಬೂ ಸಯೀದನ ಕೊನೆಗಾಲದ ಎರಡು ದಿರ್ಹಂ ಹುಡುಕಿ. ಬೆಲೆಯ ಹೆಸರು ಅದೇ, ತಕ್ಕಡಿಯಲ್ಲಿ ನಾಲ್ಕು ಗ್ರಾಂ ಕೂಡ ಮುಟ್ಟುವುದಿಲ್ಲ.