ಸಿಂಹರಾಜ ಕಾಡು ಅಂತ ಹೇಳಿ ರಬ್ಬರ್ ತೋಟ ತೋರಿಸಿದರು: ಶ್ರೀಲಂಕಾ ಟೂರ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ನರಸಾಪುರ ಕೆರೆ, ಲಕ್ಷ್ಮೀಸಾಗರ ಕೆರೆ ಏರಿ ಮೇಲೆ ಭಾನುವಾರ ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ನಿಲ್ಲುವ ನಮ್ಮ ಗುಂಪನ್ನು ಕೋಲಾರದ ಕಡೆಯವರು ಕೆಲವರಾದರೂ ನೋಡಿರುತ್ತೀರಿ. ಶ್ರೀಲಂಕಾ ಟೂರ್‌ನಲ್ಲಿ ಒಂದು ದಿನ ಸಿಂಹರಾಜ ಮಳೆಕಾಡಿನಲ್ಲಿ ಹಕ್ಕಿ ನೋಡೋಕೆ ಅಂತ, ನಾನೂ ಸೇರಿ ಆ ಗುಂಪಿನ ಹನ್ನೆರಡು ಜನರಿಂದ ತಲೆಗೆ ₹6,800ರಂತೆ ವಸೂಲು ಮಾಡಿ ಬೆಂಗಳೂರಿನ ಒಂದು ಟೂರ್ ಕಂಪನಿಯವರಿಗೆ ಕಳಿಸಿದವಳು ನಾನು. ಒಟ್ಟು ₹81,600. ನನ್ನ ಫೋನಿನಿಂದಲೇ ಹೋಯಿತು. ಅಷ್ಟು ದುಡ್ಡು ಇಸಿದುಕೊಂಡು ನಮ್ಮನ್ನು ಒಂದು ರಬ್ಬರ್ ತೋಟಕ್ಕೆ ಕರೆದುಕೊಂಡು ಹೋಗಿ, ಇದೇ ಸಿಂಹರಾಜ ಕಾಡು ಅಂದರು.

ಎರಡು ತಿಂಗಳು ನಾನು ಇದನ್ನು ಎಲ್ಲೂ ಬರೆಯಲಿಲ್ಲ. ನಾಚಿಕೆ. ಹಕ್ಕಿ ಗೊತ್ತಿರುವವಳು ಅಂತ ನಾಲ್ಕು ಜನ ನಂಬಿದ್ದರು, ನಾನೇ ಬಿದ್ದೆ ಅಂತ ಯಾವ ಬಾಯಲ್ಲಿ ಹೇಳಲಿ? ಆದರೆ ಹೋದ ವಾರ ಬಂಗಾರಪೇಟೆಯ ಪರಿಚಯದವರೊಬ್ಬರು ಆ ಕಂಪನಿಯ ಅದೇ ಜಾಹೀರಾತಿನ ಪಿ.ಡಿ.ಎಫ್. ಕಳಿಸಿ, "ನೀವು ಹೋಗಿ ಬಂದ್ರಲ್ಲ ಮೇಡಂ, ಚೆನ್ನಾಗಿತ್ತಾ, ಕಟ್ಟಿಬಿಡೋಣವಾ" ಅಂತ ಕೇಳಿದರು. ಅದೇ ನೀಲಿ ಹಕ್ಕಿಯ ಫೋಟೊ, ಅದೇ ಅಕ್ಷರ, ದರ ಮಾತ್ರ ₹7,500 ಆಗಿದೆ. ಇನ್ನು ಸುಮ್ಮನಿರೋದು ತಪ್ಪು ಅನ್ನಿಸಿತು.

ಉಳಿದ ಟೂರ್ ಬಗ್ಗೆ ನನ್ನ ತಕರಾರಿಲ್ಲ. ಕೊಲಂಬೊ, ಕ್ಯಾಂಡಿ, ಸಮುದ್ರ, ಊಟ, ಎಲ್ಲ ಗ್ರೂಪ್ ಟೂರ್ ಹೇಗಿರುತ್ತೋ ಹಾಗೇ ಇತ್ತು. ನಾವು ಹೊರಟಿದ್ದೇ ಆ ಒಂದು ದಿನಕ್ಕೋಸ್ಕರ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರಕ್ಕೆ ಬಂದು ಒಣಗಿದ ಕೆರೆಗಳು ಒಂದೊಂದಾಗಿ ತುಂಬಿದ ಮೇಲೆ ಹಕ್ಕಿ ನೋಡೋಕೆ ಶುರು ಮಾಡಿದವರು ನಾವು. ಗುಳುಮುಳುಕ, ನಾಮದ ಕೋಳಿ, ಹೆಜ್ಜಾರ್ಲೆ ನೋಡುತ್ತಾ ಕಲಿತವರು. ನಮ್ಮಲ್ಲಿ ಎಪ್ಪತ್ತನಾಲ್ಕು ವರ್ಷದ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಅವರಿಗೆ ಶ್ರೀಲಂಕಾದ ನೀಲಿ ಮ್ಯಾಗ್‌ಪೈ ನೋಡಬೇಕು ಅನ್ನೋದು ಎಷ್ಟೋ ವರ್ಷದ ಆಸೆ. ನಮ್ಮ ಮಟಪಕ್ಷಿಯ ಸಂಬಂಧಿ ಅದು. ನೀಲಿ ಮೈ, ಕಂದುಗೆಂಪು ತಲೆ, ಕೆಂಪು ಕೊಕ್ಕು, ಕೆಂಪು ಕಾಲು. ಶ್ರೀಲಂಕಾ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅಂಥ ಹಕ್ಕಿಗಳು ಆ ದ್ವೀಪದಲ್ಲಿ ಮೂವತ್ತಕ್ಕೂ ಹೆಚ್ಚಿವೆ, ಅವುಗಳಲ್ಲಿ ಬಹುಪಾಲು ಸಿಂಹರಾಜದಲ್ಲಿ ಸಿಗುತ್ತವೆ. 1988ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮಳೆಕಾಡು. 2001ರಲ್ಲಿ ಕೂಡ ಅಲ್ಲಿಯ ಮಳೆಕಾಡುಗಳಲ್ಲಿ ಹೊಸ ಗೂಬೆಯೊಂದು ಪತ್ತೆಯಾಯಿತು, ಸೆರೆಂಡಿಬ್ ಗೂಬೆ. ಇದನ್ನೆಲ್ಲ ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದರು. ಮಂಡಿನೋವು ಇಟ್ಟುಕೊಂಡು ಬಂದಿದ್ದರು.

ಪಿ.ಡಿ.ಎಫ್.ನಲ್ಲಿ ಇದ್ದದ್ದು: "ಸಿಂಹರಾಜ ರೇನ್‌ಫಾರೆಸ್ಟ್ ಬರ್ಡಿಂಗ್ ಎಕ್ಸ್‌ಪೀರಿಯೆನ್ಸ್, ಪೂರ್ತಿ ದಿನ, ಪ್ರವೇಶ ಶುಲ್ಕ, ಪರಿಣತ ಗೈಡ್, ಪ್ಯಾಕ್ ಮಾಡಿದ ತಿಂಡಿ ಸೇರಿ." ನಾನು ಫೋನ್‌ನಲ್ಲಿ ಎರಡು ಸಲ ಕೇಳಿದೆ, ಬೆಳಗಿನ ಜಾವ ಹೊರಡುತ್ತೀರಲ್ಲವಾ ಅಂತ. "ನಾಲ್ಕು ಗಂಟೆಗೆ ಗಾಡಿ ಹೋಟೆಲ್ ಮುಂದೆ ಇರುತ್ತೆ ಮೇಡಂ, ನೀವು ಎದ್ದಿರಿ ಸಾಕು." ನಾವು ಎದ್ದಿದ್ದೆವು. ಮಳೆಕಾಡಿನ ಜಿಗಣೆಗೆ ಅಂತ ಉದ್ದ ಕಾಲುಚೀಲ, ಉಪ್ಪು, ಡೆಟಾಲ್ ಎಲ್ಲ ಇಟ್ಟುಕೊಂಡು ಬೆಂಟೋಟದ ಹೋಟೆಲ್ ಲಾಬಿಯಲ್ಲಿ ನಾಲ್ಕಕ್ಕೆ ಕೂತೆವು. ಗಾಡಿ ಬಂದದ್ದು ಎಂಟೂಕಾಲಿಗೆ.

ಆಗಲೇ ನಾನು ಜಗಳ ಆಡಬೇಕಿತ್ತು. ಅಲ್ಲಿಂದ ಸಿಂಹರಾಜದ ಯಾವ ಗೇಟಿಗೆ ಹೋದರೂ ಎರಡೂವರೆ, ಮೂರು ಗಂಟೆ ದಾರಿ. ಎಂಟೂಕಾಲಿಗೆ ಹೊರಟರೆ ಹಕ್ಕಿ ಮಾತಾಡುವ ಹೊತ್ತು ಮುಗಿದೇ ಹೋಗಿರುತ್ತೆ. ಗೊತ್ತಿತ್ತು. ಸುಮ್ಮನಿದ್ದೆ. ದಾರಿಯಲ್ಲಿ ಮಸಾಲೆ ತೋಟ ಅಂತ ಒಂದೂವರೆ ಗಂಟೆ, ಹರಳಿನ ಅಂಗಡಿ ಅಂತ ಮುಕ್ಕಾಲು ಗಂಟೆ. ಆಗಲೂ ಸುಮ್ಮನಿದ್ದೆ.

ಎಲ್ಪಿಟಿಯ ಅನ್ನುವ ಊರು ದಾಟಿ ಸ್ವಲ್ಪ ಹೊತ್ತಿಗೆ ಗಾಡಿ ನಿಂತಿತು. ಸಣ್ಣ ತೊರೆ, ಆಚೆ ರಬ್ಬರ್ ಮರದ ಸಾಲು, ಒಂದು ಹೆಂಚಿನ ಮನೆ. ಟೋಪಿ ಹಾಕಿದ ಹುಡುಗನೊಬ್ಬ ಬಂದು "ವೆಲ್‌ಕಮ್ ಟು ಸಿಂಹರಾಜ" ಅಂದ. ಗೇಟ್ ಇಲ್ಲ, ಅರಣ್ಯ ಇಲಾಖೆಯ ಕೌಂಟರ್ ಇಲ್ಲ. ಟಿಕೆಟ್ ಕೇಳಿದರೆ, "ಗ್ರೂಪ್ ಟಿಕೆಟ್, ಆಫೀಸಲ್ಲಿದೆ" ಅಂದ ನಮ್ಮ ಜೊತೆ ಬಂದಿದ್ದ ಕಂಪನಿಯ ಬೆಂಗಳೂರಿನ ಹುಡುಗ.

ನಡೆದೆವು. ಒಂದು ಗಂಟೆ ನಡೆದರೂ ಯಾರ ಕಾಲಿಗೂ ಒಂದು ಜಿಗಣೆ ಹತ್ತಲಿಲ್ಲ. ಮಡಿವಾಳ ಹಕ್ಕಿ ಕಂಡಿತು, ಪಿಕಳಾರ ಕಂಡಿತು, ಗೊರವಂಕ ಕಂಡಿತು. ಇವೆಲ್ಲ ಅಂತರಗಂಗೆ ಬೆಟ್ಟದ ಬುಡದಲ್ಲಿ ದಿನಾ ಕಾಣುವ ಹಕ್ಕಿಗಳು. ಆಮೇಲೆ ಆ ಟೋಪಿ ಹುಡುಗ ಪೊದೆ ಕಡೆ ಕೈ ತೋರಿಸಿ, ಉಸಿರು ಹಿಡಿದು, "ಗ್ರೀನ್ ಬಿಲ್ಡ್ ಕೌಕಲ್! ವೆರಿ ರೇರ್!" ಅಂದ. ಹಸಿರು ಕೊಕ್ಕಿನ ಕೆಂಬೂತ, ಇಲ್ಲಿ ಮಾತ್ರ ಇರೋದು. ನಾನು ಬೈನಾಕ್ಯುಲರ್ ಎತ್ತಿದೆ. ಹಕ್ಕಿ ಬಿಸಿಲಲ್ಲೇ ಕೂತಿತ್ತು. ಕೊಕ್ಕು ಕಪ್ಪು. ಕಡುಗಪ್ಪು. ನಮ್ಮೂರ ಬೇಲಿಬೇಲಿಯಲ್ಲಿ ಕೂಗುವ ಕೆಂಬೂತ ಅದು.

ಪಕ್ಕದಲ್ಲಿ ಮೇಷ್ಟ್ರು ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಿದ್ದರು. ಅವರ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಅಷ್ಟು ದೂರದ ಕೊಕ್ಕಿನ ಬಣ್ಣ ಕಾಣಲ್ಲ. ಗೈಡ್ ಮಾತು ನಂಬಿ ದಿನಾಂಕ ಹಾಕಿ ಬರೆದುಕೊಂಡರು. ಬರೀಬೇಡಿ ಮೇಷ್ಟ್ರೇ ಅಂತ ಹೇಳೋಕೆ ನನ್ನ ನಾಲಿಗೆ ಏಳಲಿಲ್ಲ. ಈ ಇಡೀ ಕಥೆಯಲ್ಲಿ ನನ್ನನ್ನು ಸುಡುತ್ತಿರೋದು ಆ ಗಳಿಗೆ.

ನಿಜ ಹೊರಗೆ ಬಂದದ್ದು ನಮ್ಮ ಕೆ.ಜಿ.ಎಫ್. ಅಕ್ಕನಿಂದ. ವಾಪಸ್ ಬರುವಾಗ ರಸ್ತೆ ಬದಿಯ ಟೀ ಅಂಗಡಿಯಲ್ಲಿ ಗಾಡಿ ನಿಂತಿತು. ಅಂಗಡಿಯ ಹೆಂಗಸು ಎಸ್ಟೇಟ್ ಕಡೆಯ ತಮಿಳಿನವರು. ಅಕ್ಕ ಅಲ್ಲಿಯ ಚಾಂಪಿಯನ್ ರೀಫ್ ಗಣಿ ಕಡೆ ಬೆಳೆದವಳು, ತಮಿಳು ಮನೆಮಾತಿನಷ್ಟೇ ಸಲೀಸು. ಸುಮ್ಮನೆ ಮಾತಿಗೆ, "ಇದು ಸಿಂಗರಾಜಾ ಕಾಡಾ?" ಅಂತ ಕೇಳಿದಳು.

"ಸಿಂಗರಾಜಾವಾ? ಅದು ರೊಂಬ ದೂರಂ ಅಮ್ಮಾ." ದೆನಿಯಾಯ ಕಡೆ ಹೋಗಬೇಕು, ಇಲ್ಲಿಂದ ಇನ್ನೂ ಎರಡು ಗಂಟೆಗೂ ಮೇಲೆ ದಾರಿ ಅಂದರು. ನೀವು ನೋಡಿ ಬಂದದ್ದು ಇಂಥವರ ರಬ್ಬರ್ ತೋಟ, ಟೂರಿಸ್ಟ್ ಗಾಡಿ ಆಗಾಗ ಬರುತ್ತೆ ಅಂತಲೂ ಅವರೇ ಹೇಳಿದರು. ಅಕ್ಕ ಅದನ್ನು ಕನ್ನಡದಲ್ಲಿ ನಮಗೆ ಹೇಳುವಾಗ ಹನ್ನೊಂದು ಜನರೂ ನನ್ನ ಮುಖ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಇನ್ನು ಟೂರ್ ಕಂಪನಿಯವರ ಉತ್ತರಗಳು. ಒಂದೊಂದನ್ನೂ ಓದಿ, ಇವರ ಧೈರ್ಯ ಗೊತ್ತಾಗಲಿ.

ಜೊತೆಗಿದ್ದ ಹುಡುಗ: "ಸಿಂಹರಾಜ ಅಂದ್ರೆ ಒಂದು ಗೇಟ್ ಅಲ್ಲ ಮೇಡಂ, ಅದು ಒಂದು ರೀಜನ್." ರಾತ್ರಿ ಹೋಟೆಲ್ ವೈಫೈಯಲ್ಲಿ ಮ್ಯಾಪ್ ತೆಗೆದು ತೋರಿಸಿದೆ. "ನೆಟ್‌ವರ್ಕ್ ಸರಿ ಇಲ್ಲ, ಲೊಕೇಶನ್ ತಪ್ಪು ತೋರಿಸುತ್ತೆ" ಅಂದ.

ಬೆಂಗಳೂರಿನ ಆಫೀಸು, ಫೋನ್‌ನಲ್ಲಿ: "ಹಕ್ಕಿ ಬರೋದು ಬಿಡೋದು ನಮ್ಮ ಕೈಲಿದೆಯಾ ಮೇಡಂ?" ನಾನು ಹಕ್ಕಿ ಬರಲಿಲ್ಲ ಅಂತ ಜಗಳ ಆಡಿದ್ದೇ ಅಲ್ಲ! ಹಕ್ಕಿ ಕಾಣದೆ ವಾಪಸ್ ಬಂದ ಭಾನುವಾರಗಳು ನಮಗೆ ಎಷ್ಟೋ ಇವೆ. ಕಾಡಿಗೇ ಕರೆದುಕೊಂಡು ಹೋಗಲಿಲ್ಲ ಅನ್ನೋದು ನನ್ನ ದೂರು. ಇದನ್ನು ಐದು ಸಲ ಹೇಳಿದೆ. ಐದು ಸಲವೂ ಹಕ್ಕಿ ವಿಷಯಕ್ಕೇ ತಿರುಗಿಸಿದರು.

ವಾಟ್ಸಾಪಿನಲ್ಲಿ: "ಪ್ರೋಗ್ರಾಂ ಬದಲಾಗಬಹುದು ಅಂತ ಕೊನೇ ಪುಟದಲ್ಲಿ ಇದೆ, ದಯವಿಟ್ಟು ಓದಿ." ಆಮೇಲೆ: "ನಿಮ್ಮ ಗ್ರೂಪ್‌ನಲ್ಲಿ ನಿಮ್ಮೊಬ್ಬರದೇ ಕಂಪ್ಲೇಂಟ್." ಇದು ಸುಳ್ಳು, ಮೂರು ಜನ ಬರೆದಿದ್ದರು. ಆಮೇಲೆ ಮುಂದಿನ ಟೂರ್‌ನಲ್ಲಿ ತಲೆಗೆ ₹500 ರಿಯಾಯಿತಿ ಕೊಡ್ತೀವಿ ಅಂದರು. ಬೇಡ, ದುಡ್ಡು ವಾಪಸ್ ಕೊಡಿ ಅಂದೆ. ಮಾರನೇ ದಿನ ನನ್ನನ್ನು ಟೂರ್ ಗ್ರೂಪ್‌ನಿಂದ ತೆಗೆದು ಹಾಕಿದರು.

ನಾನು ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ದುಡ್ಡು ಕಳಿಸಿದ್ದು ಕಂಪನಿ ಖಾತೆಗಲ್ಲ, ಒಬ್ಬ ವ್ಯಕ್ತಿಯ ಯು.ಪಿ.ಐ. ನಂಬರಿಗೆ. ರಸೀದಿ ಕೇಳಲಿಲ್ಲ. ಯಾವ ಗೇಟಿನಿಂದ ಒಳಗೆ ಹೋಗುತ್ತೀರಿ ಅಂತ ಬರವಣಿಗೆಯಲ್ಲಿ ಕೇಳಲಿಲ್ಲ. ಕೇಳಿದರೆ ಅವರು ಕುಡಾವಾ ಗೇಟ್ ಅನ್ನಬೇಕು, ಇಲ್ಲವೇ ದೆನಿಯಾಯ ಕಡೆಯ ಮೆದೆರಿಪಿಟಿಯ ಅನ್ನಬೇಕು. "ಎಕ್ಸ್‌ಪೀರಿಯೆನ್ಸ್" ಅಂದರೆ ಬಿಟ್ಟುಬಿಡಿ. ನಿಜವಾದ ಸಿಂಹರಾಜದಲ್ಲಿ ಗೇಟಿನಲ್ಲಿ ಟಿಕೆಟ್ ಕೊಡುತ್ತಾರೆ, ಅಲ್ಲಿಯ ಗೈಡ್ ಜೊತೆಗೆ ಬರಲೇಬೇಕು. ಕೈಗೆ ಟಿಕೆಟ್ ಬಾರದಿದ್ದರೆ ಗಾಡಿ ಇಳಿಯಬೇಡಿ. ಏರ್‌ಪೋರ್ಟಿನಲ್ಲೇ ಅಲ್ಲಿಯ ಸಿಮ್ ಹಾಕಿಸಿಕೊಳ್ಳಿ, ನಾನು ನಾಲ್ಕು ಕಾಸು ಉಳಿಸೋಕೆ ಹೋಗಿ ಕುರುಡಿಯಾಗಿ ಕೂತಿದ್ದೆ.

ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಕಂಪನಿಯವರು "ಸೇವೆ ನೀಡಲಾಗಿದೆ" ಅಂತ ಒಂದು ಸಾಲು ಉತ್ತರ ಕೊಟ್ಟು ಮುಗಿಸಿದರು. ಈಗ ಕೋಲಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹಾಕಿದ್ದೇನೆ. ಅದಕ್ಕೇ ಅವರ ಹೆಸರು ಇಲ್ಲಿ ಬರೆದಿಲ್ಲ. ಬೆಂಗಳೂರಿಗೆ ಅಲೆಯಬೇಕಾಗುತ್ತೆ ಅಂತ ಹೆದರಿದ್ದೆ, ಬೇಕಿಲ್ಲ. 2019ರ ಕಾಯ್ದೆ ಪ್ರಕಾರ ನಾವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಕೊಟ್ಟ ಹಣ ₹5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ, ಎರಡು ವರ್ಷದ ತನಕ ಸಮಯ ಇದೆ.

ಗುಂಪಿನಲ್ಲಿ ಇಬ್ಬರಿಗೆ ₹6,800 ನನ್ನ ಕೈಯಿಂದಲೇ ವಾಪಸ್ ಕೊಟ್ಟೆ, ಅವರು ಚೀಟಿ ದುಡ್ಡು ತಂದು ಕಟ್ಟಿದ್ದವರು. ಮೇಷ್ಟ್ರಿಗೂ ಕೊಡೋಕೆ ಹೋದೆ. ತೆಗೆದುಕೊಳ್ಳಲಿಲ್ಲ. ಆ ಕೆಂಬೂತದ ಕೊಕ್ಕಿನ ವಿಷಯ ಆವತ್ತು ಅವರಿಗೆ ಹೇಳಿದೆ. ಒಳಗೆ ಹೋಗಿ ನೋಟ್‌ಬುಕ್ ತಂದು, ನನ್ನ ಎದುರಿಗೇ ಆ ಸಾಲು ಹೊಡೆದು ಹಾಕಿದರು.

ಗ್ರೂಪ್‌ನಿಂದ ತೆಗೆದ ಮೇಲೆ ನನ್ನ ಫೋನಿನಲ್ಲಿ ಫೋಟೊಗಳು, ಪಿ.ಡಿ.ಎಫ್. ಒಂದೂ ಉಳಿದಿರಲಿಲ್ಲ, ನಾನು ಆ ಚಾಟ್ ಅಳಿಸುವಾಗ ಎಲ್ಲ ಹೋಗಿತ್ತು. ಕೆ.ಜಿ.ಎಫ್. ಅಕ್ಕನ ಫೋನಿನಲ್ಲಿ ಇದ್ದದ್ದಕ್ಕೆ ಆಯೋಗಕ್ಕೆ ಕೊಡೋಕೆ ಏನಾದರೂ ಸಿಕ್ಕಿತು. ಕೋಲಾರ, ಬಂಗಾರಪೇಟೆ, ಮಾಲೂರು, ಮುಳಬಾಗಿಲು ಕಡೆ ಯಾರಾದರೂ ಇದೇ ನೀಲಿ ಹಕ್ಕಿಯ ಪಿ.ಡಿ.ಎಫ್. ನೋಡಿ ಹೋಗಿ ಬಂದಿದ್ದರೆ ಅದನ್ನು ಅಳಿಸಬೇಡಿ, ನನಗೆ ಕಳಿಸಿ.